ಹೋಗದ ದಾರಿಗೆ ಟೋಲ್ ಕಟ್ ಆದಾಗ: ಫಾಸ್ಟ್ಯಾಗ್ ಕಡಿತ ಅರ್ಥಮಾಡಿಕೊಂಡು ಹಣ ವಾಪಸ್ ಪಡೆಯುವ ಸಮಗ್ರ ಮಾರ್ಗದರ್ಶಿ

ಕಾರು ಮನೆ ಮುಂದೆ ನಿಂತಿರುತ್ತದೆ; ಮೊಬೈಲಿಗೆ ಮಾತ್ರ ಯಾವುದೋ ಊರಿನ ಟೋಲ್‌ನಲ್ಲಿ ದುಡ್ಡು ಕಟ್ ಆದ ಮೆಸೇಜ್ ಬರುತ್ತದೆ. ಇಲ್ಲವೇ ಗೇಟ್ ದಾಟಿದ್ದು ಒಂದೇ ಸಲ, ಕಟ್ ಆಗಿದ್ದು ಎರಡು ಸಲ. ವಾರ್ಷಿಕ ಪಾಸ್ ಮಾಡಿಸಿದ್ದರೂ ಬ್ಯಾಲೆನ್ಸ್ ಕರಗಿರುತ್ತದೆ. ಹೀಗಾದಾಗ ಕೆಲವರು ಮುಂದಿನ ಸಲ ಆ ಗೇಟಿಗೆ ಹೋದಾಗ ಬೂತ್‌ನಲ್ಲಿ ಕೂತ ಹುಡುಗನ ಮೇಲೆ ರೇಗುತ್ತಾರೆ. ಉಳಿದವರು ‘ನೂರಿನ್ನೂರು ರೂಪಾಯಿಗೆ ಯಾರು ಅಲೆಯುತ್ತಾರೆ’ ಎಂದು ಸುಮ್ಮನಾಗುತ್ತಾರೆ. ಎರಡರಿಂದಲೂ ಹಣ ವಾಪಸ್ ಬರುವುದಿಲ್ಲ.

ಬರಬೇಕಾದರೆ ಕೇಳಬೇಕಾದ ಕಡೆ, ಕೇಳಬೇಕಾದ ರೀತಿಯಲ್ಲಿ ಕೇಳಬೇಕು. ‘ನನ್ನ ದುಡ್ಡು ಸುಮ್ಮನೆ ಕಟ್ ಆಗಿದೆ’ ಎಂದು ಬರೆದರೆ ದೂರು ಅಲ್ಲೇ ಕೂರುತ್ತದೆ. ‘ಇಂಥ ದಿನ ಇಷ್ಟು ಗಂಟೆಗೆ ಇಂಥ ಪ್ಲಾಜಾದಲ್ಲಿ ಆದ ಈ ವಹಿವಾಟು ತಪ್ಪು, ಕಾರಣ ಇದು’ ಎಂದು ಬರೆದರೆ ಅದಕ್ಕೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ. ಆ ಎರಡನೇ ಬಗೆಯ ದೂರು ಬರೆಯುವ ಹಂತಕ್ಕೆ ನಿಮ್ಮನ್ನು ಕರೆದೊಯ್ಯುವುದು ಈ ಬರಹದ ಉದ್ದೇಶ.

ಮೊದಲು, ದುಡ್ಡು ಹೋಗುವ ದಾರಿ

ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿಯೂ ಇಲ್ಲ, ಹಣವೂ ಇಲ್ಲ. ಅದರಲ್ಲಿರುವುದು ಒಂದು ಗುರುತಿನ ಸಂಖ್ಯೆ. ಲೇನ್‌ನ ಮೇಲಿರುವ ರೀಡರ್ ರೇಡಿಯೊ ತರಂಗ ಬಿಟ್ಟಾಗ ಆ ಸಂಖ್ಯೆ ಅದಕ್ಕೆ ಸಿಗುತ್ತದೆ. ಟೋಲ್ ಪ್ಲಾಜಾ ಅದನ್ನು ತನ್ನ ಬ್ಯಾಂಕಿಗೆ ಕಳಿಸುತ್ತದೆ. ಆ ಬ್ಯಾಂಕ್ ಎನ್‌ಪಿಸಿಐ (ಭಾರತೀಯ ರಾಷ್ಟ್ರೀಯ ಪಾವತಿ ನಿಗಮ) ನಡೆಸುವ ಎನ್‌ಇಟಿಸಿ ಎಂಬ ಟೋಲ್ ಪಾವತಿ ಜಾಲದ ಮೂಲಕ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕನ್ನು ಕೇಳುತ್ತದೆ. ನಿಮ್ಮ ಬ್ಯಾಂಕ್ ಖಾತೆಯಿಂದ ಹಣ ತೆಗೆದು ನಿಮಗೆ ಮೆಸೇಜ್ ಕಳಿಸುತ್ತದೆ.

ಅಂದರೆ ನಿಮ್ಮ ಹಣ ತೆಗೆದದ್ದು ನಿಮ್ಮ ಬ್ಯಾಂಕ್. ಬೂತ್‌ನಲ್ಲಿ ಕೂತವರ ಕೈಯಲ್ಲಿ ಅದನ್ನು ವಾಪಸ್ ಹಾಕುವ ವ್ಯವಸ್ಥೆಯೇ ಇಲ್ಲ. ಹಣ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು: ನೀವು ನಿಮ್ಮ ಬ್ಯಾಂಕಿಗೆ ದೂರು ಕೊಡುತ್ತೀರಿ, ಅದು ಟೋಲ್‌ನ ಬ್ಯಾಂಕಿನ ಮೇಲೆ ತಕರಾರು ಎತ್ತುತ್ತದೆ, ಪ್ಲಾಜಾ ದಾಖಲೆ ತೋರಿಸಬೇಕಾಗುತ್ತದೆ. ಬ್ಯಾಂಕಿನವರು ಇದನ್ನು ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಕಸ್ಟಮರ್ ಕೇರ್‌ನವರು ‘ಟೋಲ್‌ನವರನ್ನೇ ಕೇಳಿ’ ಎಂದು ಸಾಗಹಾಕಲು ನೋಡಿದರೆ ಈ ಪದವನ್ನೇ ಬಳಸಿ. ‘ಚಾರ್ಜ್‌ಬ್ಯಾಕ್ ರೈಸ್ ಮಾಡಿ, ದೂರಿನ ನಂಬರ್ ಕೊಡಿ’ ಎಂದರೆ ಮಾತಿನ ಧಾಟಿ ಬದಲಾಗುತ್ತದೆ.

ಮೊದಲ ಹೆಜ್ಜೆ: ಮೆಸೇಜ್ ಬಿಟ್ಟು ಸ್ಟೇಟ್‌ಮೆಂಟ್ ತೆಗೆಯಿರಿ

ಮೆಸೇಜ್‌ನಲ್ಲಿ ಇರುವುದು ಅರ್ಧ ವಿಷಯ. ಬ್ಯಾಂಕಿನ ಫಾಸ್ಟ್ಯಾಗ್ ಪೋರ್ಟಲ್ ಅಥವಾ ಆ್ಯಪ್‌ಗೆ ಹೋಗಿ ಆ ವಾರದ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಅದರಲ್ಲಿ ಆ ಒಂದು ಸಾಲನ್ನು ಹುಡುಕಿ ನಿಧಾನವಾಗಿ ಓದಿ. ಪ್ಲಾಜಾದ ಹೆಸರು, ಮೊತ್ತ, ವಹಿವಾಟಿನ ಸಂಖ್ಯೆ ಮತ್ತು ಸಮಯ ಅಲ್ಲಿರುತ್ತವೆ.

ಸಮಯದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ರೀಡರ್ ನಿಮ್ಮ ಟ್ಯಾಗ್ ಓದಿದ ಸಮಯ ಬೇರೆ, ಬ್ಯಾಂಕ್ ಹಣ ತೆಗೆದ ಸಮಯ ಬೇರೆ. ಪ್ಲಾಜಾದ ನೆಟ್‌ವರ್ಕ್ ಕೈಕೊಟ್ಟಿದ್ದರೆ ಭಾನುವಾರ ಸಂಜೆ ದಾಟಿದ ಗೇಟಿನ ದುಡ್ಡು ಸೋಮವಾರ ಬೆಳಗ್ಗೆ, ನೀವು ಆಫೀಸಿನಲ್ಲಿ ಕೂತಿದ್ದಾಗ ಕಟ್ ಆಗಬಹುದು. ಮನೆ ಮುಂದೆ ನಿಂತ ಕಾರಿಗೆ ಟೋಲ್ ಬಿದ್ದಿದೆ ಎಂದು ಗಾಬರಿಯಾಗುವ ಮುನ್ನ ಹಿಂದಿನ ಎರಡು ಮೂರು ದಿನದ ಓಡಾಟ ನೆನಪಿಸಿಕೊಳ್ಳಿ. ಸ್ಟೇಟ್‌ಮೆಂಟ್‌ನಲ್ಲಿ ಓದಿದ ಸಮಯ ಕಾಣದಿದ್ದರೆ ಬ್ಯಾಂಕಿಗೆ ಕರೆ ಮಾಡಿ ಕೇಳಿ. ಅವರ ದಾಖಲೆಯಲ್ಲಿ ಅದು ಇರುತ್ತದೆ.

ಪ್ಲಾಜಾದ ಹೆಸರೂ ಗೊಂದಲ ಮಾಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. 2023ರ ಮಾರ್ಚ್ 14ರಂದು ಬೆಂಗಳೂರು–ನಿಡಘಟ್ಟ ಭಾಗಕ್ಕೆ, ಜುಲೈ 1ರಂದು ನಿಡಘಟ್ಟ–ಮೈಸೂರು ಭಾಗಕ್ಕೆ ಟೋಲ್ ಶುರುವಾಯಿತು. ಬೆಂಗಳೂರು ಬದಿಯಲ್ಲಿ ಹೋಗುವಾಗ ಒಂದು ಕಡೆ, ಬರುವಾಗ ಇನ್ನೊಂದು ಕಡೆ ಗೇಟ್: ಒಂದು ಕಣಿಮಿಣಿಕೆ, ಇನ್ನೊಂದು ಶೇಷಗಿರಿಹಳ್ಳಿ. ಶ್ರೀರಂಗಪಟ್ಟಣದ ಹತ್ತಿರ ಗಣಂಗೂರು. ನಾವು ಬಿಡದಿ ಟೋಲ್, ಮಂಡ್ಯ ಟೋಲ್ ಎಂದು ಬಾಯಲ್ಲಿ ಹೇಳುವ ಹೆಸರು ಸ್ಟೇಟ್‌ಮೆಂಟ್‌ನಲ್ಲಿ ಇರುವುದಿಲ್ಲ. ಊರಿನವರಿಗೂ ಪರಿಚಯವಿಲ್ಲದ ಹಳ್ಳಿಯ ಹೆಸರಿರುತ್ತದೆ. ಆ ಹೆಸರನ್ನು ಮ್ಯಾಪ್‌ನಲ್ಲಿ ಹಾಕಿ ನೋಡಿದರೆ ಅರ್ಧ ಅನುಮಾನಗಳು ಅಲ್ಲೇ ಬಗೆಹರಿಯುತ್ತವೆ.

ಎರಡನೇ ಹೆಜ್ಜೆ: ಯಾವ ತಪ್ಪು ಎಂದು ಗುರುತಿಸಿ

ಇದೇ ಇಡೀ ಕೆಲಸದ ತಿರುಳು. ತಪ್ಪಿನ ಬಗೆ ಬೇರೆಯಾದರೆ ಕೊಡಬೇಕಾದ ಸಾಕ್ಷಿಯೂ ಬೇರೆ.

*ಹೋಗದೇ ಇದ್ದ ಜಾಗ.* ಟ್ಯಾಗ್ ಓದದಿದ್ದಾಗ ಸಿಬ್ಬಂದಿ ವಾಹನದ ನಂಬರನ್ನು ಕೈಯಿಂದ ಟೈಪ್ ಮಾಡುವುದುಂಟು. ಒಂದು ಅಂಕಿ ಆಚೀಚೆಯಾದರೆ ಇನ್ನಾರದೋ ಲಾರಿಯ ಟೋಲ್ ನಿಮ್ಮ ಕಾರಿನ ಖಾತೆಗೆ ಬೀಳುತ್ತದೆ. ಇದು ಶುದ್ಧ ತಪ್ಪು, ಹಣ ಪೂರ್ತಿ ವಾಪಸ್ ಬರಬೇಕು. ಇಂಥ ತಪ್ಪು ಕಡಿತ ಸಾಬೀತಾದರೆ ಪ್ರತಿ ಪ್ರಕರಣಕ್ಕೆ ಟೋಲ್ ನಡೆಸುವವರ ಮೇಲೆ 1 ಲಕ್ಷ ರೂಪಾಯಿ ದಂಡ ಹಾಕುವ ಕ್ರಮವನ್ನು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಜಾರಿಗೆ ತಂದಿದೆ. ಆ ಬಳಿಕ ಇಂಥ ದೂರುಗಳು ಸುಮಾರು ಶೇ 70ರಷ್ಟು ಕಡಿಮೆಯಾಗಿವೆ ಎಂದು 2025ರ ಆರಂಭದಲ್ಲಿ ಪ್ರಾಧಿಕಾರವೇ ಹೇಳಿತ್ತು. ನೀವು 90 ರೂಪಾಯಿಗೆ ದೂರು ಕೊಟ್ಟರೂ ಅದರ ಹಿಂದೆ ಇಷ್ಟು ದೊಡ್ಡ ದಂಡದ ಭಯ ಇರುತ್ತದೆ. ಹಾಗಾಗಿ ಬಿಡಬೇಡಿ.

*ಒಂದು ದಾಟುವಿಕೆಗೆ ಎರಡು ಕಡಿತ.* ಲೇನ್‌ನ ರೀಡರ್ ಓದಿದ್ದು ಗೊತ್ತಾಗದೆ ಸಿಬ್ಬಂದಿ ಕೈಯಲ್ಲಿ ಹಿಡಿದ ರೀಡರ್‌ನಿಂದ ಮತ್ತೆ ಸ್ಕ್ಯಾನ್ ಮಾಡಿದಾಗ ಹೀಗಾಗುತ್ತದೆ. ಒಂದೇ ಪ್ಲಾಜಾ, ಒಂದೇ ದಿಕ್ಕು, ಕೆಲವೇ ನಿಮಿಷದ ಅಂತರ: ಸ್ಟೇಟ್‌ಮೆಂಟ್‌ನ ಆ ಎರಡು ಸಾಲುಗಳೇ ಸಾಕ್ಷಿ. ವಾಪಸ್ ಪಡೆಯಲು ಅತಿ ಸುಲಭವಾದದ್ದು ಇದು.

*ಗೇಟಲ್ಲೂ ಕೊಟ್ಟಿರಿ, ಟ್ಯಾಗಿಂದಲೂ ಹೋಯಿತು.* ಟ್ಯಾಗ್ ಓದುತ್ತಿಲ್ಲ ಎಂದರು, ಹಿಂದೆ ಹಾರ್ನ್ ಹೊಡೆಯುತ್ತಿದ್ದರು, ನೀವು ಯುಪಿಐ ಮಾಡಿ ಹೊರಟಿರಿ. ಅರ್ಧ ಗಂಟೆ ಬಿಟ್ಟು ಟ್ಯಾಗಿಂದಲೂ ಹಣ ಹೋಯಿತು. ಇಲ್ಲಿ ಗೇಟಿನ ರಸೀದಿ ಇಲ್ಲದಿದ್ದರೆ ವಾದ ನಿಲ್ಲುವುದು ಕಷ್ಟ. ಯುಪಿಐ ದಾಖಲೆ ಇದ್ದರೂ ಅದು ಟೋಲ್‌ಗೇ ಕೊಟ್ಟದ್ದು, ಈ ವಾಹನಕ್ಕೇ ಕೊಟ್ಟದ್ದು ಎಂದು ತೋರಿಸುವುದು ರಸೀದಿ. ಕೇಳಿ ಪಡೆಯಿರಿ, ಅಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ಶಾಖಕ್ಕೆ ಆ ಕಾಗದದ ಅಕ್ಷರ ವಾರದಲ್ಲೇ ಮಾಸಿಹೋಗುತ್ತದೆ.

*ವಾಪಸ್ ಬರುವಾಗಲೂ ಪೂರ್ತಿ ಮೊತ್ತ.* 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಹೋಗಿ ಬಂದರೆ ಒಟ್ಟು ಕೊಡಬೇಕಾದ್ದು ಒಂದು ಕಡೆಯ ಶುಲ್ಕದ ಒಂದೂವರೆ ಪಟ್ಟು. ಹೋಗುವಾಗ 100 ರೂಪಾಯಿ ಹೋಗಿದ್ದರೆ ಬರುವಾಗ 50 ಹೋಗಬೇಕು. 100 ಹೋಗಿದ್ದರೆ ಎರಡೂ ಸಲ ಟ್ಯಾಗ್ ಓದಿದ ಸಮಯ ನೋಡಿ. ಶನಿವಾರ ಬೆಳಗ್ಗೆ 7ಕ್ಕೆ ದಾಟಿ ಭಾನುವಾರ ಬೆಳಗ್ಗೆ 7.20ಕ್ಕೆ ಮರಳಿದ್ದರೆ ರಿಯಾಯಿತಿ ಮುಗಿದಿದೆ, ದೂರಿಗೆ ಜಾಗವಿಲ್ಲ. 24 ಗಂಟೆಯ ಒಳಗಿದ್ದರೆ ಹೆಚ್ಚಾದ ಮೊತ್ತ ನಿಮ್ಮದು.

*ವಾಹನದ ದರ್ಜೆ ತಪ್ಪು.* ಕಾರು, ಜೀಪು, ವ್ಯಾನ್ ಎಲ್ಲ ವಿಸಿ4 ದರ್ಜೆಯಲ್ಲಿ ಬರುತ್ತವೆ. ಟಾಟಾ ಏಸ್‌ನಂಥ ಪುಟ್ಟ ಗೂಡ್ಸ್ ಗಾಡಿಗಳಿಗೆ ವಿಸಿ20. ಟ್ಯಾಗ್ ಮಾಡಿಸಿದ ದಿನ ಏಜೆಂಟ್ ಅವಸರದಲ್ಲಿ ತಪ್ಪು ದರ್ಜೆ ಆರಿಸಿದ್ದರೆ ಪ್ರತಿ ಗೇಟಿನಲ್ಲೂ ನಿಮಗೆ ಹೆಚ್ಚು ಹೋಗುತ್ತಿರುತ್ತದೆ. ಉಲ್ಟಾ ಆಗಿದ್ದರೆ, ಅಂದರೆ ಗೂಡ್ಸ್ ಗಾಡಿಗೆ ಕಾರಿನ ಟ್ಯಾಗ್ ಇದ್ದರೆ, ಪ್ಲಾಜಾದ ಕ್ಯಾಮೆರಾ ಮತ್ತು ಗಾಡಿಯ ದರ್ಜೆ ಗುರುತಿಸುವ ಯಂತ್ರ ಅದನ್ನು ಹಿಡಿಯುತ್ತವೆ. ಚಿತ್ರ ಸಮೇತ ವ್ಯತ್ಯಾಸದ ಹಣಕ್ಕೆ ಬ್ಯಾಂಕಿಗೆ ಬೇಡಿಕೆ ಹೋಗುತ್ತದೆ. ಯಾವುದೋ ಹಳೆ ಪ್ರಯಾಣಕ್ಕೆ ಈಗ ಹಣ ಕಟ್ ಆಗಿದೆ ಎಂದು ಕಂಡರೆ ಈ ಕಾರಣವನ್ನು ಶಂಕಿಸಿ. ಎನ್‌ಪಿಸಿಐ ಜಾಲತಾಣದಲ್ಲಿ ವಾಹನದ ನಂಬರ್ ಹಾಕಿದರೆ ನಿಮ್ಮ ಟ್ಯಾಗ್ ಯಾವ ಬ್ಯಾಂಕಿನದು, ಯಾವ ದರ್ಜೆಯದು, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಎಲ್ಲ ವಾಹನದವರೂ ಒಮ್ಮೆ ಇದನ್ನು ನೋಡಿಬಿಡುವುದು ಒಳ್ಳೆಯದು.

*ದರವೇ ಏರಿದೆ.* ರಾಷ್ಟ್ರೀಯ ಹೆದ್ದಾರಿಯ ಟೋಲ್ ದರ ಸಾಮಾನ್ಯವಾಗಿ ಪ್ರತಿ ವರ್ಷ ಏಪ್ರಿಲ್ 1ರಂದು ಪರಿಷ್ಕರಣೆಯಾಗುತ್ತದೆ. ಮಾರ್ಚ್‌ಗಿಂತ ಏಪ್ರಿಲ್‌ನಲ್ಲಿ 5–10 ರೂಪಾಯಿ ಹೆಚ್ಚಾಗಿದ್ದರೆ ಅದು ತಪ್ಪು ಕಡಿತವಲ್ಲ. ಪ್ರಾಧಿಕಾರದ ಟೋಲ್ ಮಾಹಿತಿ ಜಾಲತಾಣದಲ್ಲಿ ಪ್ಲಾಜಾವಾರು, ವಾಹನವಾರು ದರಪಟ್ಟಿ ಇದೆ. ದೂರು ಬರೆಯುವ ಮೊದಲು ಅದನ್ನು ತಾಳೆ ನೋಡಲೇಬೇಕು. ತಾಳೆಯಾಗದಿದ್ದರೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ನಿಮ್ಮ ಬಲವಾದ ಸಾಕ್ಷಿ.

*ಪಾಸ್ ಇದ್ದರೂ ಕಟ್ ಆಯಿತು.* 2025ರ ಆಗಸ್ಟ್ 15ರಂದು ಬಂದ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನ್‌ಗಳಿಗೆ ಮಾತ್ರ. ಶುರುವಾದಾಗ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ಇದು ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಲ್ಲಿ. ನೈಸ್ ರಸ್ತೆ ರಾಷ್ಟ್ರೀಯ ಹೆದ್ದಾರಿಯಲ್ಲ. ರಾಜ್ಯ ಹೆದ್ದಾರಿಯ ಟೋಲ್‌ಗಳೂ ಅಷ್ಟೇ. ಅಲ್ಲೆಲ್ಲ ನಿಮ್ಮ ಮಾಮೂಲಿ ಬ್ಯಾಲೆನ್ಸ್‌ನಿಂದಲೇ ಹಣ ಹೋಗುತ್ತದೆ. ಇನ್ನೊಂದು ವಿಷಯ: ತೆರೆದ ಟೋಲ್ ಪದ್ಧತಿಯ, ಅಂದರೆ ಗೇಟಿಗೆ ಇಷ್ಟು ಎಂದು ಹಣ ತೆಗೆಯುವ ಹೆದ್ದಾರಿಯಲ್ಲಿ ಪ್ರತಿ ಗೇಟ್ ಒಂದು ಟ್ರಿಪ್. ಕಣಿಮಿಣಿಕೆ, ಗಣಂಗೂರು ಎರಡೂ ದಾಟಿ ಮೈಸೂರು ಮುಟ್ಟಿದರೆ ಎರಡು ಟ್ರಿಪ್ ಮುಗಿದವು. ವಾಪಸ್ ಬಂದರೆ ನಾಲ್ಕು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಓದಿ ದೂರಕ್ಕೆ ತಕ್ಕ ಹಣ ತೆಗೆಯುವ ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇಯಂಥ ಕಡೆ ಮಾತ್ರ ಒಳಗೂ ಹೊರಗೂ ಸೇರಿ ಒಂದು ಟ್ರಿಪ್. ಪಾಸ್ ಬೇಗ ಮುಗಿಯಿತು ಎನ್ನುವವರ ಲೆಕ್ಕ ಬಹುಪಾಲು ಇಲ್ಲೇ ತಪ್ಪಿರುತ್ತದೆ.

ಟೋಲ್ ಅಲ್ಲದ ಕಡಿತಗಳು

500 ರೂಪಾಯಿ ರೀಚಾರ್ಜ್ ಮಾಡಿದಿರಿ, ಬ್ಯಾಲೆನ್ಸ್ 430 ತೋರಿಸುತ್ತಿದೆ ಅಂದುಕೊಳ್ಳಿ. ಬಹುಶಃ ಹಿಂದಿನ ಗೇಟಿನಲ್ಲಿ ಬ್ಯಾಲೆನ್ಸ್ ಸಾಲದಿದ್ದಾಗ ಕೊರತೆಯನ್ನು, ಟ್ಯಾಗ್ ಮಾಡಿಸುವಾಗ ನೀವು ಬ್ಯಾಂಕಿನಲ್ಲಿ ಇಟ್ಟ ಠೇವಣಿಯಿಂದ ತುಂಬಿಕೊಂಡು ಕಾರನ್ನು ಬಿಟ್ಟಿದ್ದರು. ಈಗ ಆ ಠೇವಣಿಯನ್ನು ಮತ್ತೆ ಭರ್ತಿ ಮಾಡಿಕೊಂಡಿದ್ದಾರೆ. ಕಾರುಗಳಿಗೆ ಕನಿಷ್ಠ ಬ್ಯಾಲೆನ್ಸ್ ಕಡ್ಡಾಯವಲ್ಲ ಎಂದು 2021ರ ಫೆಬ್ರವರಿಯಲ್ಲಿ ಸಡಿಲಿಸಿದಾಗ ಬಂದ ವ್ಯವಸ್ಥೆ ಇದು.

ಬ್ಯಾಂಕ್ ಖಾತೆಯಿಂದ ನೇರವಾಗಿ ದೊಡ್ಡ ಮೊತ್ತ ಹೋಗಿದ್ದರೆ ಆಟೋ ರೀಚಾರ್ಜ್ ಹಾಕಿದ್ದೀರಾ ನೋಡಿ. ಬ್ಯಾಲೆನ್ಸ್ ಇಂತಿಷ್ಟಕ್ಕಿಂತ ಇಳಿದರೆ ತಾನೇ ತುಂಬಿಕೊಳ್ಳುವ ಅನುಮತಿ ಕೊಟ್ಟಿದ್ದರೆ, ಅದಕ್ಕೆ ಒಂದು ದಿನ ಮುಂಚೆ ಮೆಸೇಜ್ ಕಳಿಸುವ ಕಟ್ಟುಪಾಡಿನಿಂದ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ವಿನಾಯಿತಿ ಕೊಟ್ಟಿದೆ. ಹೀಗಾಗಿ ಮುನ್ಸೂಚನೆ ಇಲ್ಲದೆ ಹಣ ಹೋಗುತ್ತದೆ. ಕೆಲವು ಕಡೆ ಪಾರ್ಕಿಂಗ್ ಶುಲ್ಕವನ್ನೂ ಫಾಸ್ಟ್ಯಾಗ್‌ನಿಂದಲೇ ತೆಗೆಯುವುದರಿಂದ ಅದೂ ಟೋಲ್ ಪಟ್ಟಿಯಲ್ಲೇ ಸೇರಿರುತ್ತದೆ.

ಮೂರನೇ ಹೆಜ್ಜೆ: ಸಾಕ್ಷಿ ಕೂಡಿಹಾಕಿ

ಕಾರು ಅಲ್ಲಿರಲಿಲ್ಲ ಎಂದು ತೋರಿಸಬೇಕಾದಾಗ ಬಾಯಿಮಾತು ಸಾಲದು. ಆ ಹೊತ್ತಿಗೆ ಕಾರು ಬೇರೆಡೆ ಇತ್ತು ಎನ್ನುವ ಏನಾದರೂ ಸಿಗುತ್ತದೆಯೇ ಹುಡುಕಿ: ಅಪಾರ್ಟ್‌ಮೆಂಟ್ ಗೇಟಿನ ಸಿಸಿಟಿವಿ ಅಥವಾ ಸೆಕ್ಯೂರಿಟಿ ರಿಜಿಸ್ಟರ್, ಸರ್ವೀಸ್ ಸೆಂಟರ್‌ನ ಜಾಬ್ ಕಾರ್ಡ್, ವಾಹನದ ನಂಬರ್ ಇರುವ ಪೆಟ್ರೋಲ್ ಬಿಲ್, ಆಫೀಸ್ ಪಾರ್ಕಿಂಗ್ ಚೀಟಿ, ಫೋನಿನ ಟೈಮ್‌ಲೈನ್. ಸಿಸಿಟಿವಿ ದೃಶ್ಯ ಕೆಲವು ದಿನಗಳಲ್ಲಿ ಅಳಿಸಿಹೋಗುವುದರಿಂದ ಮೊದಲ ದಿನವೇ ಕೇಳಿಡಿ.

ಇದೆಲ್ಲ ಇಲ್ಲದಿದ್ದರೂ ಎದೆಗುಂದಬೇಡಿ. ಪ್ಲಾಜಾದ ಲೇನ್‌ನಲ್ಲಿ ನಂಬರ್ ಪ್ಲೇಟ್‌ನ ಚಿತ್ರ ತೆಗೆಯುವ ಕ್ಯಾಮೆರಾ ಇರುತ್ತದೆ. ‘ಈ ವಹಿವಾಟಿನ ಸಮಯದ ವಾಹನದ ಚಿತ್ರ ಕೊಡಿ’ ಎಂದು ದೂರಿನಲ್ಲಿ ಬರೆಯಿರಿ. ಸಾಬೀತು ಮಾಡುವ ಭಾರ ಆಗ ಅವರ ಮೇಲೆ ಬೀಳುತ್ತದೆ. ನಿಮ್ಮ ನಂಬರಿನ ಬದಲು ಬೇರೆ ಗಾಡಿಯ ಚಿತ್ರ ಬಂದರೆ ವಾದವೇ ಮುಗಿಯಿತು. ಒಂದೇ ದೂರಿನಲ್ಲಿ ಒಂದೇ ಒಂದು ಮಾತು ಬರೆಯಲು ಜಾಗವಿದ್ದರೆ ನಾನು ಈ ಮಾತನ್ನೇ ಬರೆಯುತ್ತೇನೆ.

ನಾಲ್ಕನೇ ಹೆಜ್ಜೆ: ದೂರು

ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್‌ನಲ್ಲಿ ಆ ವಹಿವಾಟಿನ ಮೇಲೆ ಒತ್ತಿದರೆ ತಕರಾರು ಸಲ್ಲಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ಕಾರಣಗಳ ಪಟ್ಟಿಯಿಂದ ಸರಿಯಾದದ್ದನ್ನೇ ಆರಿಸಿ. ‘ಇತರೆ’ ಒತ್ತಿದರೆ ಕಡತ ಅಲೆಯುತ್ತಲೇ ಇರುತ್ತದೆ. ಜೊತೆಗೆ ಬ್ಯಾಂಕಿನ ಇ-ಮೇಲ್‌ಗೂ ಬರೆಯಿರಿ. ಒಕ್ಕಣೆ ಹೀಗಿರಲಿ:

> ವಿಷಯ: ತಪ್ಪು ಟೋಲ್ ಕಡಿತ – ಚಾರ್ಜ್‌ಬ್ಯಾಕ್ ಕೋರಿಕೆ
>
> ವಾಹನ ಸಂಖ್ಯೆ, ಟ್ಯಾಗ್ ಐಡಿಯ ಕೊನೆಯ ಅಂಕಿಗಳು, ನೋಂದಾಯಿತ ಮೊಬೈಲ್:
> ವಹಿವಾಟು ಸಂಖ್ಯೆ:
> ಪ್ಲಾಜಾ, ಟ್ಯಾಗ್ ಓದಿದ ದಿನ ಮತ್ತು ಸಮಯ:
> ಕಡಿತವಾದ ಮೊತ್ತ / ಆಗಬೇಕಿದ್ದ ಮೊತ್ತ:
>
> ಮೇಲ್ಕಂಡ ಸಮಯದಲ್ಲಿ ನನ್ನ ವಾಹನ ಈ ಪ್ಲಾಜಾವನ್ನು ದಾಟಿಲ್ಲ. ಆ ಹೊತ್ತಿಗೆ ವಾಹನ ಬೇರೆಡೆ ಇದ್ದುದಕ್ಕೆ ದಾಖಲೆ ಲಗತ್ತಿಸಿದ್ದೇನೆ. ಪ್ಲಾಜಾ ಈ ಬೇಡಿಕೆಯನ್ನು ಸಮರ್ಥಿಸಿಕೊಳ್ಳುವುದಾದರೆ ಆ ವಹಿವಾಟಿನ ವಾಹನ ಮತ್ತು ನಂಬರ್ ಪ್ಲೇಟ್ ಚಿತ್ರ ಒದಗಿಸಬೇಕು. ಮೊತ್ತವನ್ನು ನನ್ನ ಖಾತೆಗೆ ಮರಳಿಸಿ, ದೂರಿನ ಸಂಖ್ಯೆಯನ್ನು ಲಿಖಿತವಾಗಿ ತಿಳಿಸಿ.

ಕೊನೆಯ ಪ್ಯಾರಾದ ಮೊದಲ ವಾಕ್ಯವನ್ನು ನಿಮ್ಮ ತಪ್ಪಿನ ಬಗೆಗೆ ತಕ್ಕಂತೆ ಬದಲಿಸಿಕೊಳ್ಳಿ. ಎರಡು ಸಲ ಕಟ್ ಆಗಿದ್ದರೆ ಎರಡೂ ವಹಿವಾಟಿನ ಸಂಖ್ಯೆ ಬರೆದು ಯಾವುದು ಸರಿ, ಯಾವುದು ಹೆಚ್ಚುವರಿ ಎಂದು ಹೇಳಿ. ರಸ್ತೆಯ ಗುಂಡಿ, ಸಿಬ್ಬಂದಿಯ ಮಾತಿನ ಧಾಟಿ, ಟೋಲ್ ಬಗೆಗಿನ ನಿಮ್ಮ ಸಿಟ್ಟು, ಇವನ್ನು ಇದೇ ಪತ್ರದಲ್ಲಿ ಸೇರಿಸಬೇಡಿ. ಆ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಓದುವವರಿಗೆ ಅದು ನಿಮ್ಮ ಹಣದ ವಿಷಯವನ್ನು ಪಕ್ಕಕ್ಕಿಡಲು ನೆಪವಾಗುತ್ತದೆ.

ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೂ ಕರೆ ಮಾಡಿ ದಾಖಲಿಸಿ. ಹೆದ್ದಾರಿ ಪ್ರಾಧಿಕಾರದ ಅಂಗಸಂಸ್ಥೆ ಐಎಚ್‌ಎಂಸಿಎಲ್ ತಪ್ಪು ಕಡಿತದ ದೂರುಗಳಿಗೆಂದೇ ಪ್ರತ್ಯೇಕ ಇ-ಮೇಲ್ ಇಟ್ಟಿದೆ. ವಿಳಾಸವನ್ನು ಅವರ ಜಾಲತಾಣದಿಂದಲೇ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ಸಿಕ್ಕ ಯಾವುದೋ ನಂಬರಿನಿಂದಲ್ಲ. ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಿ ವಂಚಕರ ಕೈಗೆ ಸಿಕ್ಕವರು ಬಹಳ ಜನ ಇದ್ದಾರೆ.

ಬ್ಯಾಂಕ್ ಕಿವಿಗೊಡದಿದ್ದರೆ

ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಒಪ್ಪುವಂತಿಲ್ಲ ಎಂದಾದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ದೂರನ್ನು ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಜಾಲತಾಣದಲ್ಲಿ ಸಲ್ಲಿಸಬೇಕು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448. ಇಲ್ಲಿ ಬ್ಯಾಂಕ್ ಕೊಟ್ಟ ದೂರಿನ ಸಂಖ್ಯೆ ಮತ್ತು ದಿನಾಂಕ ಬೇಕೇ ಬೇಕು. ಫೋನಿನಲ್ಲಿ ಮಾತ್ರ ದೂರು ಹೇಳಿ ಸುಮ್ಮನಾದವರು ಈ ಹಂತದಲ್ಲಿ ಬರಿಗೈಯಲ್ಲಿ ನಿಲ್ಲುತ್ತಾರೆ.

ಅದರಾಚೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಮತ್ತು ಜಿಲ್ಲಾ ಗ್ರಾಹಕ ಆಯೋಗ. ಸಣ್ಣ ಮೊತ್ತಕ್ಕೆ ಆಯೋಗದ ಮೆಟ್ಟಿಲು ಹತ್ತಬಹುದೇ ಎಂದು ಅನುಮಾನಿಸುವವರಿಗೆ ಚಿತ್ರದುರ್ಗದ ಪ್ರಕರಣ ನೆನಪಿಸಬೇಕು. 2020ರಲ್ಲಿ ಚಿತ್ರದುರ್ಗದ ಹೆದ್ದಾರಿಯಲ್ಲಿ ಹೋಗಿ ಬಂದ ಬೆಂಗಳೂರಿನ ಒಬ್ಬರಿಗೆ ಫಾಸ್ಟ್ಯಾಗ್‌ನಿಂದ 85ರ ಬದಲು 90 ರೂಪಾಯಿ ಕಡಿತವಾಗಿತ್ತು. ಅಧಿಕಾರಿಗಳಿಗೆ ಬರೆದು ಫಲ ಸಿಗದೆ ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. 2023ರಲ್ಲಿ 8,000 ರೂಪಾಯಿ ಪರಿಹಾರಕ್ಕೆ ಆದೇಶವಾಯಿತು. ಪ್ರತಿ ಸಲ ಹೆಚ್ಚಾಗಿ ಹೋಗಿದ್ದು ಐದು ರೂಪಾಯಿ. ಆದರೆ ಅದೇ ಗೇಟ್ ದಾಟುವ ಪ್ರತಿ ವಾಹನದಿಂದ ಐದೈದು ರೂಪಾಯಿ ಹೋದರೆ ದಿನಕ್ಕೆ ಎಷ್ಟಾಗುತ್ತದೆ ಎಂಬ ಲೆಕ್ಕ ಯಾರು ಬೇಕಾದರೂ ಹಾಕಬಹುದು. ಅಂಥವರು ಒಬ್ಬರು ಹಟ ಹಿಡಿದರೆ ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಉಪಕಾರ.

ಗೇಟಿನಲ್ಲೇ ತಡೆಯಬಹುದಾದದ್ದು

ಟ್ಯಾಗ್ ಸರಿಯಿದೆ, ಬ್ಯಾಲೆನ್ಸ್ ಇದೆ, ಪ್ಲಾಜಾದ ಯಂತ್ರವೇ ಕೆಟ್ಟಿದೆ ಎಂದಾದರೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. 2018ರ ಮೇ ತಿಂಗಳ ಅಧಿಸೂಚನೆ ಹಾಗೆ ಹೇಳುತ್ತದೆ. ಶೂನ್ಯ ಮೊತ್ತದ ರಸೀದಿ ಕೊಟ್ಟು ವಾಹನವನ್ನು ಬಿಡಬೇಕು. ಇದನ್ನು ಕೇಳುವಾಗ ಸಭ್ಯವಾಗಿ, ಆದರೆ ಗಟ್ಟಿಯಾಗಿ ಕೇಳಿ: ‘ಟ್ಯಾಗ್ ಆ್ಯಕ್ಟಿವ್ ಇದೆ, ಬ್ಯಾಲೆನ್ಸ್ ನೋಡಿ. ಜೀರೊ ರಸೀದಿ ಕೊಡಿ.’ ಫೋನಿನಲ್ಲಿ ಬ್ಯಾಲೆನ್ಸ್ ತೆರೆದು ತೋರಿಸಿ. ಒಪ್ಪದಿದ್ದರೆ ಮೇಲ್ವಿಚಾರಕರನ್ನು ಕರೆಯಿಸಿ, 1033ಕ್ಕೆ ಕರೆ ಮಾಡಿ.

ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿದ್ದರೆ, ಅಂದರೆ ಅದನ್ನು ಬಳಸದಂತೆ ತಡೆಹಿಡಿದಿದ್ದರೆ, ಮಾತು ಬೇರೆ. ಬ್ಯಾಲೆನ್ಸ್ ಇಲ್ಲ, ಕೆವೈಸಿ ಬಾಕಿ, ವಾಹನದ ದಾಖಲೆ ತಾಳೆಯಾಗಿಲ್ಲ, ಟ್ಯಾಗನ್ನು ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುತ್ತಿದ್ದೀರಿ: ಇವೆಲ್ಲ ಬ್ಲ್ಯಾಕ್‌ಲಿಸ್ಟ್‌ಗೆ ಕಾರಣ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಚಾಲ್ತಿಯಲ್ಲಿರುವ ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮಾಡಿದರೆ ಒಂದೂಕಾಲು ಪಟ್ಟು ಎಂದು ನಿಗದಿಯಾಯಿತು. 100 ರೂಪಾಯಿಯ ಟೋಲ್ ನಗದಿನಲ್ಲಿ 200, ಯುಪಿಐನಲ್ಲಿ 125. ದುಪ್ಪಟ್ಟು ಕೊಟ್ಟು ಬಂದವರು ಅನೇಕರು ಯುಪಿಐ ಆಯ್ಕೆ ಇರುವುದನ್ನೇ ಕೇಳಿರುವುದಿಲ್ಲ.

ಗೇಟಿನ ಮುಂದೆ ನಿಂತು ರೀಚಾರ್ಜ್ ಮಾಡುವ ಅಭ್ಯಾಸವಿದ್ದರೆ ಬಿಡಿ. 2025ರ ಫೆಬ್ರವರಿ 17ರಿಂದ ಬಂದ ಎನ್‌ಪಿಸಿಐ ನಿಯಮದ ಪ್ರಕಾರ, ಟ್ಯಾಗ್ ಓದುವುದಕ್ಕೆ 60 ನಿಮಿಷಕ್ಕೂ ಮುಂಚಿನಿಂದ ಬ್ಲ್ಯಾಕ್‌ಲಿಸ್ಟ್‌ನಲ್ಲಿದ್ದು ಓದಿದ 10 ನಿಮಿಷದ ಬಳಿಕವೂ ಹಾಗೇ ಇದ್ದರೆ ವಹಿವಾಟು 176 ಎಂಬ ಕೋಡ್‌ನೊಂದಿಗೆ ತಿರಸ್ಕೃತವಾಗುತ್ತದೆ. ರಾಷ್ಟ್ರೀಯ ಹೆದ್ದಾರಿಯ ಪ್ಲಾಜಾಗಳಿಗೆ ಟ್ಯಾಗ್ ಸ್ಥಿತಿ ಆ ಕ್ಷಣವೇ ಸಿಗುತ್ತದೆ, ದಾಟುವ ಮುನ್ನ ಯಾವಾಗ ರೀಚಾರ್ಜ್ ಮಾಡಿದರೂ ನಡೆಯುತ್ತದೆ ಎಂದು ಪ್ರಾಧಿಕಾರ ಸ್ಪಷ್ಟಪಡಿಸಿದೆ. ರಾಜ್ಯ ಹೆದ್ದಾರಿಗಳಲ್ಲಿ ಹಾಗಿಲ್ಲದ ಪ್ಲಾಜಾಗಳೂ ಇವೆ. ಮನೆ ಬಿಡುವ ಮೊದಲೇ ನೋಡಿಕೊಂಡರೆ ಈ ನಿಮಿಷಗಳ ಲೆಕ್ಕವೇ ಬೇಕಾಗುವುದಿಲ್ಲ.

ಗೇಟೇ ಇಲ್ಲದ ಟೋಲ್‌ಗೂ ತಯಾರಾಗಬೇಕಿದೆ. ಕಂಬದ ಮೇಲಿನ ಕ್ಯಾಮೆರಾ, ರೀಡರ್‌ಗಳೇ ಓಡುವ ವಾಹನ ಗುರುತಿಸುವ ಪದ್ಧತಿಗೆ ಗುಜರಾತಿನ ಚೋರ್ಯಾಸಿ ಪ್ಲಾಜಾಕ್ಕಾಗಿ 2025ರ ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಇಂಥ ಕಡೆ ಹಣ ಹೋಗದಿದ್ದರೆ ಅದು ಬಾಕಿಯಾಗಿ ಉಳಿಯುತ್ತದೆ. 2026ರ ಜನವರಿಯ ಮೋಟಾರು ವಾಹನ ನಿಯಮ ತಿದ್ದುಪಡಿಯ ಪ್ರಕಾರ ಟೋಲ್ ಬಾಕಿ ಇದ್ದರೆ ಮಾಲೀಕತ್ವ ವರ್ಗಾವಣೆ, ಎನ್‌ಒಸಿ, ಫಿಟ್‌ನೆಸ್ ಪ್ರಮಾಣಪತ್ರ ಎಲ್ಲವೂ ನಿಲ್ಲುತ್ತವೆ. ಹಾಗಾಗಿ ಬಾಕಿಯ ನೋಟಿಸ್ ತಪ್ಪಾಗಿದ್ದರೆ ಕೂಡಲೇ ತಕರಾರು ಹಾಕಿ.

ಬಿಲ್ಲೇ ಸುಳ್ಳಾದರೆ

‘ನಿಮ್ಮ ಟೋಲ್ ಬಾಕಿ ಇದೆ, ಇಂದೇ ಕಟ್ಟಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಅಥವಾ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕಿಬಿಡುವ ಕಡತ) ಬಂದರೆ ಮುಟ್ಟಬೇಡಿ. ಬಾಕಿ ಇದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ. ವಾರ್ಷಿಕ ಪಾಸ್‌ಗೂ ರಾಜ್‌ಮಾರ್ಗ್‌ಯಾತ್ರಾ ಆ್ಯಪ್ ಮತ್ತು ಪ್ರಾಧಿಕಾರದ ಅಧಿಕೃತ ಜಾಲತಾಣ ಬಿಟ್ಟು ಬೇರೆಲ್ಲೂ ಹಣ ಕಟ್ಟಬೇಡಿ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ತಡೆಹಿಡಿಯುವ ಸಾಧ್ಯತೆ ಮೊದಲ ಗಂಟೆಗಳಲ್ಲೇ ಹೆಚ್ಚು. ಸ್ಮಾರ್ಟ್‌ವಾಚ್ ತೋರಿಸಿ ಟ್ಯಾಗ್‌ನಿಂದ ಹಣ ಕದಿಯುತ್ತಾರೆ ಎಂದು 2022ರಲ್ಲಿ ಹರಿದಾಡಿದ ವಿಡಿಯೊ ಸುಳ್ಳು ಎಂದು ಎನ್‌ಪಿಸಿಐ ಆಗಲೇ ಹೇಳಿದೆ. ನೋಂದಾಯಿತ ಪ್ಲಾಜಾಗಳಿಗಲ್ಲದೆ ವ್ಯಕ್ತಿಗಳಿಗೆ ಆ ಜಾಲದಲ್ಲಿ ಹಣ ಹೋಗುವುದೇ ಇಲ್ಲ.

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮವರಿಗೂ ಈ ಮಾತು ಬೇಕು. ಅಲ್ಲಿ ಟೋಲ್ ಬಾಕಿಯ ಸುಳ್ಳು ಮೆಸೇಜ್‌ಗಳ ಬಗ್ಗೆ ಎಫ್‌ಬಿಐ 2024ರ ಏಪ್ರಿಲ್‌ನಲ್ಲೇ ಎಚ್ಚರಿಸಿದೆ. ನಿಜವಾದ ಬಿಲ್ ಕೂಡ ಅಲ್ಲಿ ತಡವಾಗಿ ಬರುತ್ತದೆ: ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರಿಂದ ನಗದು ತೆಗೆದುಕೊಳ್ಳುವವರೇ ಇಲ್ಲ, ನಂಬರ್ ಪ್ಲೇಟ್ ನೋಡಿ ಬಿಲ್ ಕಳಿಸುತ್ತಾರೆ. ಬಾಡಿಗೆ ಕಾರಾದರೆ ಬಿಲ್ ಕಂಪನಿಗೆ ಹೋಗಿ, ಅವರ ಸೇವಾ ಶುಲ್ಕವೂ ಸೇರಿ ನಿಮ್ಮ ಕಾರ್ಡಿಗೆ ಬೀಳುತ್ತದೆ. ಕಾರು ತೆಗೆದುಕೊಳ್ಳುವಾಗಲೇ ಟೋಲ್ ಲೆಕ್ಕ ಹೇಗೆ ಎಂದು ಕೇಳಿಬಿಡಿ. ಲಂಡನ್ ಹತ್ತಿರದ ಡಾರ್ಟ್‌ಫರ್ಡ್ ಕ್ರಾಸಿಂಗ್ ದಾಟಿದರೆ ಮರುದಿನ ಮಧ್ಯರಾತ್ರಿಯೊಳಗೆ ನೀವೇ ಆನ್‌ಲೈನ್‌ನಲ್ಲಿ ಕಟ್ಟಬೇಕು. ತಪ್ಪಿದರೆ ದಂಡದ ನೋಟಿಸ್.

ಕಾರು ಮಾರುವಾಗ, ಗಾಜು ಬದಲಿಸುವಾಗ

ಹಳೆ ಕಾರು ಮಾರಿದ ಮೇಲೂ ಗಾಜಿನ ಮೇಲಿನ ಟ್ಯಾಗ್ ನಿಮ್ಮ ಖಾತೆಗೇ ಸೇರಿರುತ್ತದೆ. ಕೊಂಡವರು ಹುಬ್ಬಳ್ಳಿಗೆ ಹೋದರೆ ನಿಮಗೆ ಮೆಸೇಜ್ ಬರುತ್ತದೆ, ಮತ್ತು ಅದು ತಪ್ಪು ಕಡಿತ ಎಂದು ವಾದಿಸಲು ಸಾಧ್ಯವಿಲ್ಲ. ಡೆಲಿವರಿ ನೋಟ್‌ಗೆ ಸಹಿ ಹಾಕುವ ದಿನವೇ ಬ್ಯಾಂಕಿನ ಆ್ಯಪ್‌ನಲ್ಲಿ ಟ್ಯಾಗ್ ಮುಚ್ಚಲು ಕೋರಿಕೆ ಹಾಕಿ, ಉಳಿದ ಬ್ಯಾಲೆನ್ಸ್ ಮತ್ತು ಠೇವಣಿ ವಾಪಸ್ ಪಡೆಯಿರಿ, ಟ್ಯಾಗನ್ನು ಗಾಜಿನಿಂದ ಕೆರೆದು ತೆಗೆಯಿರಿ. ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮ ಇರುವುದರಿಂದ, ನಿಮ್ಮದು ಮುಚ್ಚದಿದ್ದರೆ ಕೊಂಡವರಿಗೂ ಹೊಸ ಟ್ಯಾಗ್ ಮಾಡಿಸುವಾಗ ತೊಂದರೆ.

ಗಾಜು ಒಡೆದು ಬದಲಿಸಿದಾಗಲೂ ಹಳೆ ಟ್ಯಾಗನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಬ್ಯಾಂಕಿಗೆ ತಿಳಿಸಿ ಬದಲಿ ಟ್ಯಾಗ್ ತೆಗೆದುಕೊಳ್ಳಿ. ಮೊಬೈಲ್ ನಂಬರ್ ಬದಲಾಗಿದ್ದರೆ ಇವತ್ತೇ ಬ್ಯಾಂಕಿನಲ್ಲಿ ತಿದ್ದಿಸಿ. ಹಳೆ ನಂಬರಿಗೆ ಹೋದ ಮೆಸೇಜ್ ನಿಮ್ಮನ್ನು ತಲುಪುವುದಿಲ್ಲ, ತಪ್ಪು ಕಡಿತ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ತಕರಾರು ಹಾಕುವ ಅವಧಿ ಮುಗಿದುಹೋಗಿರುತ್ತದೆ.